ನಲವತ್ತೊಂದನೆಯ ತೇಪೆ

ತೇಪೆಯಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದಿತ್ತು. ಹಾಜರಿ ಪುಸ್ತಕ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಹದಿನೇಳು ವರ್ಷ ಒಂದೇ ಸಮನೆ ಬಲೂನಿಗೆ ತೇಪೆ ಹಾಕಿದ ಹೆಂಗಸನ್ನು ಜನ ಇನ್ನೇನೆಂದು ಕರೆದಾರು? ಗೇಟಿನ ಕಾವಲಿನವನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರ ಬಾಯಲ್ಲೂ ಅವಳು ತೇಪೆಯಕ್ಕನೇ.

ಅವಳ ಹೊಟ್ಟೆಕಿಚ್ಚಿನ ಕಥೆ ಹೇಳಬೇಕೆಂದರೆ ಮೊದಲು ಈ ಬಲೂನಿನ ಕಥೆ ಹೇಳಬೇಕು. ಬಲೂನು ಎಂದ ಕೂಡಲೇ ಮಕ್ಕಳ ಕೈಯಲ್ಲಿ ಪಟ್ಟೆಂದು ಒಡೆಯುವುದನ್ನು ನೆನೆಯಬೇಡಿ. ಇದು ಒಂದರ ಹಿಂದೊಂದು ನಿಲ್ಲಿಸಿದ ಆರು ಬಸ್ಸುಗಳಷ್ಟು ಉದ್ದ. ಒಳಗೆ ಹೀಲಿಯಂ ಅನಿಲ, ಹೊಟ್ಟೆಯ ಕೆಳಗೆ ರಾಡಾರ್. ಹೆಬ್ಬೆರಳು ದಪ್ಪದ ಹಗ್ಗವೊಂದು ಅದನ್ನು ನೆಲಕ್ಕೆ ಕಟ್ಟಿಹಾಕಿತ್ತು, ಬಲೂನು ಮೂರು ಕಿಲೋಮೀಟರ್ ಮೇಲೆ ವಾರಗಟ್ಟಲೆ ಅಲ್ಲಾಡದೆ ನಿಂತಿರುತ್ತಿತ್ತು. ಬೆಟ್ಟದ ಮರೆಯಲ್ಲಿ ತಗ್ಗಿ ಹಾರಿ ಬರುವ ವಿಮಾನವಾಗಲಿ ಕ್ಷಿಪಣಿಯಾಗಲಿ ನೆಲದ ಮೇಲಿನ ರಾಡಾರಿಗೆ ಕಾಣಿಸುವುದಿಲ್ಲ. ಮೇಲಿನಿಂದ ಬಗ್ಗಿ ನೋಡುವ ಇದಕ್ಕೆ ಕಾಣಿಸುತ್ತದೆ. ಬಲೂನು ಹಾರಿಸುವ ಆ ಕಾವಲು ಠಾಣೆಯವರು ಅದನ್ನು ಡೊಳ್ಳಪ್ಪ ಎನ್ನುತ್ತಿದ್ದರು. ಅದರ ಮೇಲ್ಬಟ್ಟೆಗೆ ಚರ್ಮ ಎನ್ನುತ್ತಿದ್ದರು. ಡೊಳ್ಳಪ್ಪನ ಚರ್ಮದಲ್ಲಿ ಸೂಜಿಮೊನೆಯಷ್ಟು ತೂತಾದರೂ ಹೀಲಿಯಂ ಸದ್ದಿಲ್ಲದೆ ಹೊರಗೆ ಹೋಗುತ್ತದೆ, ಡೊಳ್ಳಪ್ಪ ಸೊರಗುತ್ತಾನೆ. ಆಗ ಇಳಿಸಿ, ತೂತು ಹುಡುಕಿ, ತೇಪೆ ಹಾಕಬೇಕು. ಇಳಿಸಿದಷ್ಟು ದಿನವೂ ಆ ದಿಕ್ಕಿನ ಆಕಾಶಕ್ಕೆ ಕಾವಲಿಲ್ಲ. ಅದರ ಬದಲು ವಿಮಾನಗಳು ಸರದಿಯ ಮೇಲೆ ಸುತ್ತು ಹೊಡೆಯುತ್ತಿರಬೇಕು. ಹಾಗಾಗಿ ಐದು ದಿನದೊಳಗೆ ಮತ್ತೆ ಏರಿಸಲೇಬೇಕೆಂಬ ಕಟ್ಟುನಿಟ್ಟು.

ತೇಪೆಯಕ್ಕ ಮೊದಲು ಮಳೆಕೋಟಿನ ಕಾರ್ಖಾನೆಯಲ್ಲಿದ್ದಳು. ಹೊಲಿಗೆಯ ಮೇಲೆ ನೀರು ಸೋರದ ಪಟ್ಟಿ ಅಂಟಿಸುವುದು ಅಲ್ಲಿ ಅವಳ ಕೆಲಸ. ಅಲ್ಲಿಂದ ಇಲ್ಲಿಗೆ ಬಂದ ಮೇಲೆ ಅವಳಿಗೆ ತೇಪೆಯೇ ಉಸಿರಾಯಿತು. ತೇಪೆ ಹಾಕುವ ಜಾಗವನ್ನು ಜಿಡ್ಡು ತೆಗೆಯುವ ದ್ರಾವಣದಲ್ಲಿ ಒರೆಸಿದ ಮೇಲೆ ಬರಿಬೆರಳು ತಾಗಿದರೂ ಮೈಯ ಜಿಡ್ಡು ಕೂತು ಅಂಟು ಹಿಡಿಯುವುದಿಲ್ಲ. ಈ ಭಯಕ್ಕೆ ಹದಿನೇಳು ವರ್ಷ ಅವಳು ಕೈಗೆ ಎಣ್ಣೆ ಮುಟ್ಟಿಸಲಿಲ್ಲ, ಕ್ರೀಮು ಹಚ್ಚಲಿಲ್ಲ. ಚಳಿಯಲ್ಲಿ ಬೆರಳ ಗೆಣ್ಣುಗಳು ಬಿರಿದು ರಕ್ತ ಜಿನುಗಿದರೂ ಹಚ್ಚಲಿಲ್ಲ. ಇದನ್ನು ಯಾರೂ ಕೇಳಲಿಲ್ಲ, ಅವಳೂ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳದ ತ್ಯಾಗ ಒಳಗೊಳಗೇ ಹುಳಿಯಾಗುತ್ತದೆ, ನನ್ನ ಕೇಳಿದರೆ.

ಹೀಗಿರುವಾಗ ಮೈದುನನ ಮದುವೆಯಾಗಿ ಚಿಕ್ಕವಳು ಮನೆಗೆ ಬಂದಳು. ಓರಗಿತ್ತಿಯರೆಂದರೆ ಹಾವು ಮುಂಗುಸಿ ಎಂದು ಲೋಕ ಹೇಳುತ್ತದೆ. ಇವರಿಬ್ಬರು ಹಾಗೇನೂ ಇರಲಿಲ್ಲ. ಚಿಕ್ಕವಳು ಬಾಯ್ತುಂಬ ಅಕ್ಕಾ ಎನ್ನುತ್ತಿದ್ದಳು, ತೇಪೆಯಕ್ಕ ತನ್ನ ಹಳೆಯ ಸೀರೆಗಳಲ್ಲದೆ ಹೊಸವನ್ನೂ ಅವಳಿಗೆ ಕೊಡುತ್ತಿದ್ದಳು. ಒಂದು ದಿನ ಅತ್ತೆ ಬಟ್ಟೆ ಮಡಿಸುತ್ತಾ ಸುಮ್ಮನೆ ಮಾತು ತೆಗೆದರು.

"ನೀನೊಂದು ಮಾತು ಹೇಳಿದ್ರೆ ನಿಮ್ ಸಾಹೇಬ್ರು ಇಲ್ಲ ಅಂತಾರಾ? ಪಾಪ, ಚಿಕ್ಕವಳು ಮನೇಲಿ ಕೂತು ಗೋಡೆ ನೋಡ್ತಾಳೆ."

ತನ್ನ ಮಾತಿಗೆ ಠಾಣೆಯಲ್ಲಿ ಎಷ್ಟು ತೂಕ ಎಂದು ತೋರಿಸುವ ಹುಮ್ಮಸ್ಸಿನಲ್ಲಿ ತೇಪೆಯಕ್ಕ ಮರುದಿನವೇ ಹೇಳಿದಳು. ಸಾಹೇಬರು ಹೂಂ ಎಂದರು. ಬೀದಿಯಲ್ಲಿ ಹೋಗುತ್ತಿದ್ದ ಮಾರಿಯನ್ನು ಮನೆಗೆ ಕರೆದಂತಾಯಿತು ಎಂದು ಆಮೇಲೆ ಎಷ್ಟೋ ಸಲ ಅವಳು ತನ್ನನ್ನೇ ಶಪಿಸಿಕೊಂಡದ್ದುಂಟು. ಆದರೆ ಆ ದಿನ ಸಂಜೆ ಮನೆಗೆ ಬಂದು ಸುದ್ದಿ ಹೇಳುವಾಗ ಅವಳ ಎದೆ ಉಬ್ಬಿತ್ತು.

ಮೊದಲ ವರ್ಷ ಎಲ್ಲ ನೆಟ್ಟಗಿತ್ತು. ಅಂಟನ್ನು ಎಷ್ಟು ತೆಳುವಾಗಿ ಬಳಿಯಬೇಕು, ಅದು ಬೆರಳಿಗೆ ತಾಗಿಯೂ ತಾಗದಂತೆ ಒಣಗಲು ಎಷ್ಟು ಹೊತ್ತು ಬಿಡಬೇಕು, ನಡುವಿನಿಂದ ಅಂಚಿಗೆ ಉಕ್ಕಿನ ರೋಲರ್ ಹೇಗೆ ಉರುಳಿಸಬೇಕು ಎಂಬುದನ್ನೆಲ್ಲ ತೇಪೆಯಕ್ಕ ಕೈಹಿಡಿದು ಕಲಿಸಿದಳು. ಚಿಕ್ಕವಳು ಕಲಿತಳು. ತಪ್ಪಾದದ್ದು ಅದೇ, ನೋಡಿ, ಅವಳು ಬಲು ಬೇಗ ಕಲಿತಳು. ಎರಡನೆಯ ವರ್ಷ ತೇಪೆಯಕ್ಕ ಸಾಬೂನು ನೀರು ಬಳಿದು ನೋಡಿ ಏನೂ ಇಲ್ಲ ಎಂದು ದಾಟಿ ಹೋಗಿದ್ದ ಜಾಗದಲ್ಲಿ ಚಿಕ್ಕವಳು ಹೀಲಿಯಂ ಮೂಸುವ ಹೊಸ ಮೀಟರು ಹಿಡಿದು ನಿಂತಳು. ಮೀಟರು ಕೀಂ ಎಂದಿತು. ಸಾಹೇಬರು ಎಲ್ಲರ ಮುಂದೆ ಚಪ್ಪಾಳೆ ತಟ್ಟಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. "ತೇಪೆಯಕ್ಕ, ನಿಮ್ಮ ತಂಗಿ ಹತ್ರ ಈ ಮೀಟರ್ ಸ್ವಲ್ಪ ಹೇಳಿಸ್ಕೊಳ್ಳಿ" ಎಂದೂ ಸೇರಿಸಿದರು.

ಅಂದಿನಿಂದ ಹತ್ತಿಕೊಂಡಿತು. ಆಮೇಲೆ ಅವಳ ಕಣ್ಣಿಗೆ ಬಿದ್ದದ್ದೆಲ್ಲ ಕಿಚ್ಚಿಗೆ ಸೌದೆಯೇ. ಚಿಕ್ಕವಳೂ ಕೈಗೆ ಕ್ರೀಮು ಹಚ್ಚುತ್ತಿರಲಿಲ್ಲ, ಆದರೂ ಅವಳ ಬೆರಳುಗಳು ಬಿರಿಯಲಿಲ್ಲ, ಮೆತ್ತಗೆ ಬೆಣ್ಣೆಯಂತೆ ಇದ್ದವು. ಇದೆಂಥ ನ್ಯಾಯ? ಚಿಕ್ಕವಳು ಹಾಕಿದ ತೇಪೆಯ ಅಂಚು ಕಾಣಿಸುತ್ತಲೇ ಇರಲಿಲ್ಲ, ಬೆರಳು ಸವರಿದರೆ ಮಾತ್ರ ತಿಳಿಯಬೇಕು. ಮನೆಯಲ್ಲಿ ಅತ್ತೆ "ಚಿಕ್ಕವಳ ಕೈಗುಣಾನೇ ಬೇರೆ" ಎಂದರೆ ಅದು ಅಡುಗೆಯ ಮಾತೋ ತೇಪೆಯ ಮಾತೋ ಎಂದು ಕೂಡ ನೋಡದೆ ತೇಪೆಯಕ್ಕ ತಟ್ಟೆ ಸರಿಸಿ ಎದ್ದುಬಿಡುತ್ತಿದ್ದಳು. ಬಸ್ಸು ಓಡಿಸುವ ಗಂಡನ ಹತ್ತಿರ ಹೇಳಿಕೊಂಡರೆ ಅವನು ನಕ್ಕುಬಿಡುತ್ತಿದ್ದ.

"ಅಲ್ವೇ, ಬೆಳೆಸ್ದೋಳು ನೀನೇ, ಈಗ ಹೊಟ್ಟೆ ಉರ್ಕೊಳ್ಳೋಳೂ ನೀನೇ."

"ನಂಗ್ಯಾಕೆ ಹೊಟ್ಟೆ ಉರೀಬೇಕು? ಇದ್ದಿದ್ದು ಹೇಳ್ದೆ ಅಷ್ಟೆ."

ಇದ್ದದ್ದನ್ನು ಇದ್ದಂತೆ ಹೇಳುವ ಪಾಳಿ ಅವಳಿಗೆ ಮುಂದೆ ಬರುವುದಿತ್ತು. ಆ ಹೊತ್ತಿಗೆ ಚರ್ಮದ ವಿಭಾಗದ ಮೇಸ್ತ್ರಿಗೆ ವಯಸ್ಸಾಗಿತ್ತು, ತಿಂಗಳ ಕೊನೆಗೆ ಅವನ ನಿವೃತ್ತಿ. ಹದಿನೇಳು ವರ್ಷ ತೇಪೆಯಕ್ಕ ಕಣ್ಣಿಟ್ಟಿದ್ದು ಆ ಒಂದು ಜಾಗದ ಮೇಲೆ. ಮೇಸ್ತ್ರಿಯಾದರೆ ತೇಪೆಯ ಪುಸ್ತಕದ ಪ್ರತಿ ಪುಟದ ಕೆಳಗೂ ತನ್ನ ಸಹಿ, ಡೊಳ್ಳಪ್ಪ ಏರಬಹುದೋ ಬಾರದೋ ಎಂಬ ಕೊನೆಯ ಮಾತು ತನ್ನದು. ಹಣಕ್ಕಿಂತ ಆ ಮಾತಿನ ಮೇಲೆ ಅವಳಿಗೆ ಆಸೆ. ಸಾಹೇಬರು ಒಂದು ಬೆಳಿಗ್ಗೆ ಇಬ್ಬರನ್ನೂ ಕರೆದು ಹೇಳಿದರು:

"ಈ ಸಲ ಡೊಳ್ಳಪ್ಪ ಇಳಿದು ಮತ್ತೆ ಏರೋ ಹೊತ್ತಿಗೆ ಮುಂದಿನ ಮೇಸ್ತ್ರಿ ಯಾರು ಅಂತ ಬರೆದ್ಬಿಡ್ತೀನಿ. ನಿಮ್ಮಿಬ್ಬರಲ್ಲಿ ಒಬ್ರು. ಯಾರಾದ್ರೇನು, ನಿಮ್ಮನೇಲೇ ಉಳಿಯುತ್ತೆ ಬಿಡಿ."

ಯಾರಾದರೇನು! ಗಂಡಸಿಗೆ ಏನು ಗೊತ್ತು? ಹೊರಗಿನವರ್‍ಯಾರಾದರೂ ಮೇಲೆ ಬಂದರೆ ಸಹಿಸಬಹುದು. ಬೆಳಿಗ್ಗೆ ಒಂದೇ ಅಡುಗೆಮನೆಯಲ್ಲಿ ಪಕ್ಕದಲ್ಲಿ ನಿಂತು ಲೋಟ ತೊಳೆದವಳು ಒಂಬತ್ತು ಗಂಟೆಗೆ ತನ್ನ ಮೇಲೆ ಸಹಿ ಹಾಕುವುದನ್ನು ಹೇಗೆ ಸಹಿಸುವುದು?

ಡೊಳ್ಳಪ್ಪ ಇಳಿದ. ವಿಂಚಿನವನು ಹಗ್ಗ ಸುತ್ತಿ ಸುತ್ತಿ ಅವನನ್ನು ನೆಲಕ್ಕೆ ತಂದು ಮೂತಿಯನ್ನು ಕಂಬಕ್ಕೆ ಕಟ್ಟಿದ. ಎರಡು ದಿನ ಹುಡುಕಿ ಹನ್ನೊಂದು ತೂತು ಕಂಡುಹಿಡಿದರು. ಆರಕ್ಕೆ ತೇಪೆಯಕ್ಕ, ಐದಕ್ಕೆ ಚಿಕ್ಕವಳು ತೇಪೆ ಹಾಕಿದರು. ಒಂದು ದಿನ ಅಂಟು ಒಣಗಲು ಬಿಟ್ಟರು. ನಾಲ್ಕನೆಯ ದಿನ ಪರೀಕ್ಷೆ.

ಇಲ್ಲಿ ಒಂದು ಪದ್ಧತಿ ಹೇಳಬೇಕು. ತನ್ನ ತೇಪೆಯನ್ನು ತಾನು ಪರೀಕ್ಷಿಸುವಂತಿಲ್ಲ, ಇನ್ನೊಬ್ಬರು ನೋಡಬೇಕು. ಮೀಟರು ತೂತು ಹುಡುಕುವುದಕ್ಕಷ್ಟೆ, ತೇಪೆಗಾದರೆ ಸಾಬೂನು ನೀರು ಬಳಿದು, ನೂರು ಎಣಿಸುವವರೆಗೆ ಅಂಚನ್ನೇ ನೋಡುತ್ತಿರಬೇಕು. ಗುಳ್ಳೆ ಬರದಿದ್ದರೆ ಹಸಿರು ಗೆರೆ, ಬಂದರೆ ಕೆಂಪು ಸುತ್ತು. ಕೆಂಪು ಸುತ್ತು ಬಿದ್ದರೆ ಎದುರು ಮಾತಿಲ್ಲ, ಮತ್ತೊಮ್ಮೆ ನೋಡೋಣ ಎನ್ನುವುದೂ ಇಲ್ಲ, ತೇಪೆ ಕಿತ್ತು ಬೇರೆ ಹಾಕಲೇಬೇಕು. ಹಿಂದೊಮ್ಮೆ ಯಾರೋ ವಾದ ಮಾಡಿ ಗೆದ್ದು, ಒಮ್ಮೆ ಕಂಡು ಮಾಯವಾದ ಗುಳ್ಳೆಯ ಮೇಲೆಯೇ ಡೊಳ್ಳಪ್ಪನನ್ನು ಏರಿಸಿ, ಅವನು ಆಕಾಶದಲ್ಲಿ ಅರ್ಧ ಸೊರಗಿ ನಿಂತದ್ದರಿಂದ ಬಂದ ಕಟ್ಟಳೆ ಇದು. ನೋಡಿದವರ ಮಾತೇ ಕೊನೆ.

ಕ್ರೇನಿನ ಬುಟ್ಟಿಯಲ್ಲಿ ಇಬ್ಬರೂ ಮೇಲೇರಿದರು. ಚಿಕ್ಕವಳು ತೇಪೆಯಕ್ಕನ ಆರನ್ನೂ ನೋಡಿ ಆರಕ್ಕೂ ಹಸಿರು ಗೆರೆ ಎಳೆದಳು. ಒಂದೊಂದಕ್ಕೂ ನೂರು ಪೂರ್ತಿ ಎಣಿಸಿದಳು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಈಗ ತೇಪೆಯಕ್ಕನ ಸರದಿ. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಎನ್ನುತ್ತಾರಲ್ಲ, ಅವಳು ಅಂದು ಮೊಸರಲ್ಲಿ ಕಲ್ಲು ಹುಡುಕಲು ಹೊರಟಿದ್ದಳು. ಮೊದಲನೆಯದು, ಗುಳ್ಳೆ ಇಲ್ಲ. ಎರಡನೆಯದು, ಇಲ್ಲ. ಮೂರು, ನಾಲ್ಕು, ಇಲ್ಲವೇ ಇಲ್ಲ. ಕೊನೆಯದು ಡೊಳ್ಳಪ್ಪನ ಎಡಪಕ್ಕದಲ್ಲಿ, ಬಾಲದ ರೆಕ್ಕೆಯ ಹತ್ತಿರ. ಈ ಚರ್ಮಕ್ಕೆ ಹಾಕಿದ ನಲವತ್ತೊಂದನೆಯ ತೇಪೆ. ಅಂಗೈಯಗಲ, ಅಂಚು ಚರ್ಮದೊಳಗೆ ಕರಗಿಹೋದಂತೆ. ಸಾಬೂನು ನೀರು ಬಳಿದಳು. ಎಣಿಸಿದಳು. ನೂರಾಯಿತು. ಮತ್ತೆ ಬಳಿದಳು, ನೂರೈವತ್ತಾಯಿತು. ಒಂದೇ ಒಂದು ಗುಳ್ಳೆ ಬರಬಾರದೇ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ನೀರು ಅಂಚಿನಿಂದ ಸುಮ್ಮನೆ ಇಳಿದುಹೋಯಿತು.

ಎಷ್ಟು ಚೆನ್ನಾಗಿ ಹಾಕಿದ್ದಾಳೆ, ಹಾಳಾದವಳು. ಇದನ್ನು ನೋಡಿದರೆ ಸಾಹೇಬರು ಇವಳ ಹೆಸರನ್ನೇ ಬರೆಯುತ್ತಾರೆ. ತೇಪೆಯಕ್ಕ ಜೇಬಿನಿಂದ ಕೆಂಪು ಪೆನ್ನು ತೆಗೆದು ಸುತ್ತು ಹಾಕಿದಳು.

"ಗುಳ್ಳೆ."

"ಹೌದಾ ಅಕ್ಕಾ? ಎಲ್ಲಿ?"

"ಈಗ ಹೋಯ್ತು. ಬಲಗಡೆ ಅಂಚಲ್ಲಿ. ಸಾಸಿವೆಕಾಳಷ್ಟಿತ್ತು."

ಚಿಕ್ಕವಳು ತೇಪೆಯನ್ನು ನೋಡಿದಳು, ಆಮೇಲೆ ತೇಪೆಯಕ್ಕನ ಮುಖ ನೋಡಿದಳು.

"ಸರಿ. ಕೀಳೋಣ ಬಿಡಿ."

ಕೆಂಪು ಸುತ್ತೆಂದರೆ ಠಾಣೆಯಲ್ಲಿ ಸುದ್ದಿ ಹಬ್ಬಲು ಐದು ನಿಮಿಷ ಸಾಕು. ಹಳೇ ಮೇಸ್ತ್ರಿ ಬಂದ, ವಿಂಚಿನವನು ಬಂದ, ಸಾಹೇಬರೂ ಬಂದು ಕೆಳಗೆ ಸೊಂಟಕ್ಕೆ ಕೈಕೊಟ್ಟು ನಿಂತರು. ಅಷ್ಟು ಜನರ ಮುಂದೆ ಚಿಕ್ಕವಳ ತೇಪೆ ಕೀಳುವುದು ತೇಪೆಯಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಗಬೇಕಿತ್ತು. ಬಿಸಿಗಾಳಿ ಊದಿ ಅಂಚನ್ನು ಮೆತ್ತಗೆ ಮಾಡಿದಳು. ಚಪ್ಪಟೆ ಅಲಗನ್ನು ಅಡಿಗೆ ತೂರಿಸಿದಳು. ಸೋರುವ ತೇಪೆ ಇಷ್ಟಕ್ಕೆ ಬಾಳೆಸಿಪ್ಪೆಯ ಹಾಗೆ ಬಿಟ್ಟುಕೊಂಡು ಬರುತ್ತದೆ. ಇದು ಬರಲಿಲ್ಲ. ಇನ್ನಷ್ಟು ಬಿಸಿಗಾಳಿ. ಇನ್ನಷ್ಟು ಅಲಗು. ಒಂದು ಮೂಲೆ ಎದ್ದಿತು, ಅಷ್ಟೆ. ಇಷ್ಟೆಲ್ಲ ಜನ ನೋಡುತ್ತಿರುವಾಗ ಹಿಂದೆಗೆಯುವುದು ಹೇಗೆ? ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು.

ಪರ್‍ ಎಂದಿತು. ತೇಪೆ ಕೈಗೆ ಬಂತು, ಅದರ ಜೊತೆಗೆ ಡೊಳ್ಳಪ್ಪನ ಚರ್ಮವೂ ಮೊಳದುದ್ದ ಬಂತು.

ಅಯ್ಯಯ್ಯೋ ಎಂದು ಕೆಳಗಿನವರೆಲ್ಲ ಕೂಗಿದರು. ಬಲೂನೇನೂ ಸಿಡಿಯಲಿಲ್ಲ. ಅದರೊಳಗಿನ ಒತ್ತಡ ಅಷ್ಟು ಜೋರಿನದಲ್ಲ. ಆದರೆ ತಣ್ಣನೆಯ ಹೀಲಿಯಂ ತೇಪೆಯಕ್ಕನ ಮುಖಕ್ಕೆ ಬೀಸತೊಡಗಿತು. ಕೂಗಲು ಬಾಯಿ ತೆರೆದರೆ ಆ ಅನಿಲ ಗಂಟಲೊಳಗೆ ಹೊಕ್ಕು ಅವಳ ದನಿ ಮರಿಹಕ್ಕಿಯದಾಗಿ ಹೊರಟಿತು. ವಿಂಚಿನವನು ಅಂಥ ಹೊತ್ತಿನಲ್ಲೂ ನಕ್ಕುಬಿಟ್ಟ. ಚಿಕ್ಕವಳು ಮಾತ್ರ ಉಸಿರು ಬಿಗಿಹಿಡಿದು, ಅಕ್ಕನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ತುರ್ತಿನ ಅಗಲ ಟೇಪನ್ನು ನಾಲ್ಕು ಸಾಲು ಎಳೆದು ಹರಿದ ಬಾಯಿ ಮುಚ್ಚಿದಳು.

ಇಬ್ಬರೂ ಕೆಳಗಿಳಿದ ಮೇಲೆ ಹಳೇ ಮೇಸ್ತ್ರಿ ಆ ತುಂಡನ್ನು ಕೈಗೆ ತೆಗೆದುಕೊಂಡ. ಕನ್ನಡಕ ಏರಿಸಿ ತಿರುಗಿಸಿ ನೋಡಿದ. ತೇಪೆಯ ಬೆನ್ನಿಗೆ ಡೊಳ್ಳಪ್ಪನ ಚರ್ಮ ಒಂದು ಕೂದಲೆಳೆಯೂ ಬಿಡದಂತೆ ಅಂಟಿಕೊಂಡಿತ್ತು.

"ಅಂಟು ಅಂದ್ರೆ ಇದಪ್ಪಾ" ಎಂದ. "ಬಟ್ಟೆ ಹರೀತು, ಅಂಟು ಬಿಡ್ಲಿಲ್ಲ. ನನ್ನ ಕಾಲದಲ್ಲಿ ಇಂಥದ್ದು ನಾನೇ ಹಾಕಿಲ್ಲ. ನೋಡಿ ಸಾರ್, ನೋಡಿ."

ತುಂಡು ಕೈಯಿಂದ ಕೈಗೆ ಹೋಯಿತು. ಪ್ರತಿಯೊಬ್ಬರೂ ಉಗುರಿನಿಂದ ಕೆರೆದು ನೋಡಿ ತಲೆದೂಗಿದರು. ಚಿಕ್ಕವಳ ಕೈಚಳಕಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ, ಅದನ್ನು ಒದಗಿಸಿಕೊಟ್ಟವಳು ತೇಪೆಯಕ್ಕನೇ. ತಾನು ತೋಡಿದ ಗುಂಡಿಗೆ ತಾನೇ ಬಿದ್ದಳು ಎಂದು ನೀವು ಹೇಳಬಹುದು. ಬಿದ್ದ ನೋವಿಗಿಂತ ಅವಳಿಗೆ ಆ ತಲೆದೂಗುವಿಕೆಯ ಉರಿ ಹೆಚ್ಚಾಗಿತ್ತು ಎಂದು ನಾನು ಹೇಳುತ್ತೇನೆ.

ಸಾಹೇಬರು ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ತೇಪೆಯ ಪುಸ್ತಕ ತೆರೆದಿತ್ತು. ಪಕ್ಕದ ಕೋಣೆಯಿಂದ ಫೋನಿನ ಮೇಲೆ ಫೋನು. ಇನ್ನೂ ಎರಡು ದಿನ ವಿಮಾನ ಸುತ್ತಬೇಕೆಂದರೆ ಮೇಲಿನವರು ಸುಮ್ಮನಿರುತ್ತಾರೆಯೇ? ಸಾಹೇಬರು ಕೂಗಾಡಲಿಲ್ಲ, ಅದೇ ಹೆಚ್ಚು ಹೆದರಿಕೆಯಾಗುವಂತಿತ್ತು.

"ತೇಪೆಯಕ್ಕ, ಒಂದೇ ಪ್ರಶ್ನೆ. ಗುಳ್ಳೆ ಕಂಡಿದ್ದು ನಿಜಾನಾ?"

ಹೌದು ಎಂದರೆ ನಂಬುವವರಿಲ್ಲ. ಇಲ್ಲ ಎಂದರೆ ಹದಿನೇಳು ವರ್ಷ ನೀರು ಪಾಲು. ಅವಳು ಉತ್ತರ ಹುಡುಕುತ್ತಿರುವಾಗಲೇ ಪಕ್ಕದಿಂದ ದನಿ ಬಂತು.

"ಕಂಡಿತ್ತು ಸಾರ್. ನಾನೂ ನೋಡ್ದೆ. ಸಣ್ಣದಿತ್ತು."

ಚಿಕ್ಕವಳು ನೆಲ ನೋಡುತ್ತಾ ನಿಂತಿದ್ದಳು. ಸಾಹೇಬರ ಮುಖ ಸಡಿಲವಾಯಿತು. ಹಾಗಾದರೆ ಅಕ್ಕ ಕಟ್ಟಳೆಯ ಪ್ರಕಾರವೇ ನಡೆದಿದ್ದಾಳೆ, ಹರಿದದ್ದು ಗ್ರಹಚಾರ ಎನ್ನುವಂತೆ ಅವರು ಪೆನ್ನು ಎತ್ತಿಕೊಂಡರು.

ನೀವಾಗಿದ್ದರೆ ಬದುಕಿದೆಯಾ ಬಡಜೀವವೇ ಎಂದುಕೊಂಡು ಹೊರಗೆ ಬರುತ್ತಿದ್ದಿರಿ. ತೇಪೆಯಕ್ಕನಿಗೆ ಅಡಿಯಿಂದ ಮುಡಿಯವರೆಗೆ ಬೆಂಕಿ ಹತ್ತಿತು. ಇವಳಿಗೆ ಎಲ್ಲ ಗೊತ್ತು. ಬುಟ್ಟಿಯಲ್ಲಿ ನಿಂತಾಗಲೇ ಗೊತ್ತಿತ್ತು. ಗೊತ್ತಿದ್ದೂ ತನ್ನ ತೇಪೆಯನ್ನೇ ತಾನು ಸೋರುವುದೆಂದು ಒಪ್ಪಿಕೊಂಡು ನನ್ನ ಮಾನ ಕಾಯುತ್ತಿದ್ದಾಳೆ. ನಾಳೆಯಿಂದ ಒಂದೇ ಒಲೆಯ ಮುಂದೆ ನಿಂತು ಇವಳ ಉಪಕಾರ ಹೊತ್ತುಕೊಂಡು ಬದುಕಬೇಕೇ? ಕೆಲಸದಲ್ಲಿ ಮುಂದೆ ಹೋದಳು, ಹೋಗಲಿ. ಒಳ್ಳೆಯತನದಲ್ಲೂ ಇವಳೇ ಮುಂದೆ ಹೋಗಬೇಕೇ?

"ಇಲ್ಲ ಸಾರ್" ಎಂದಳು. ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. "ಗುಳ್ಳೆ ಇರ್ಲಿಲ್ಲ. ನಾನು ಸುಳ್ಳು ಹೇಳ್ದೆ. ತೇಪೆ ಚೆನ್ನಾಗೇ ಇತ್ತು. ಹೊಟ್ಟೆಕಿಚ್ಚಿಗೆ ಸುತ್ತು ಹಾಕ್ದೆ."

ಸಾಹೇಬರು ನಿಧಾನವಾಗಿ ಚಿಕ್ಕವಳ ಕಡೆ ತಿರುಗಿದರು.

"ಹಾಗಾದ್ರೆ ನೀವು ನೋಡಿದ್ದೇನಮ್ಮಾ?"

ತೇಪೆಯಕ್ಕನಿಗೆ ಆಗ, ಆಗಲಷ್ಟೇ, ತಾನು ಆಡಿದ ಮಾತು ಎಲ್ಲಿಗೆ ಹೋಗಿ ತಾಗಿತು ಎಂಬುದು ತಿಳಿಯಿತು. ಬಾಯಿಗೆ ಬಂದದ್ದನ್ನು ನುಂಗಲು ಕಾಲ ಮೀರಿತ್ತು.

"ಅವಳು ನಂಗೋಸ್ಕರ..." ಎಂದು ಶುರುಮಾಡಿದಳು.

"ಯಾರಿಗೋಸ್ಕರ ಆದ್ರೇನು?" ಸಾಹೇಬರು ತಡೆದರು. "ಈ ಪುಸ್ತಕ ನಡೆಯೋದೇ ನೋಡಿದವರ ಮಾತಿನ ಮೇಲೆ. ಒಬ್ರು ಇಲ್ಲದ್ದನ್ನ ಕಂಡೆ ಅಂದ್ರಿ. ಇನ್ನೊಬ್ರು ಅದಕ್ಕೆ ಹೌದು ಅಂದ್ರಿ. ನಾಳೆ ನಿಜವಾಗಿ ಗುಳ್ಳೆ ಬಂದಾಗ ಇಲ್ಲ ಅಂದ್ರೆ? ಮೇಲೆ ಹೋಗಿ ನೋಡೋಕೆ ನನಗೆ ಬೇರೆ ಕಣ್ಣಿಲ್ಲ."

ಎರಡು ಹೆಸರಿದ್ದ ಹಾಳೆಯನ್ನು ಕಡತದಿಂದ ತೆಗೆದು ಎರಡರ ಮೇಲೂ ಗೆರೆ ಎಳೆದರು. ಮೇಸ್ತ್ರಿ ಬೇರೆ ಠಾಣೆಯಿಂದ ಬರುತ್ತಾನೆ, ಅವನು ಬರುವವರೆಗೆ ಹಳಬನೇ ಇರಲಿ, ಒಂದು ವರ್ಷ ಇವರಿಬ್ಬರೂ ತೇಪೆ ಪರೀಕ್ಷಿಸಿ ಪುಸ್ತಕದಲ್ಲಿ ಸಹಿ ಹಾಕುವಂತಿಲ್ಲ ಎಂದರು. "ಈಗ ಹೋಗಿ ಆ ಹರಿದಿದ್ದನ್ನ ಮುಚ್ಚಿ. ಆ ಕೆಲಸಕ್ಕೆ ನಿಮ್ಮಿಬ್ಬರ ಕೈ ಬಿಟ್ರೆ ಇಲ್ಲಿ ಬೇರೆ ಕೈ ಇಲ್ಲ" ಎಂದು ಕೊನೆಗೆ ಹೇಳಿದಾಗ ಮಾತ್ರ ಅವರ ದನಿ ಏರಿತು.

ಹೊರಗೆ ಬಿಸಿಲು ಇಳಿಯುತ್ತಿತ್ತು. ಮತ್ತೆ ಬುಟ್ಟಿಯಲ್ಲಿ ಇಬ್ಬರೂ ಮೇಲೇರಿದರು. ಮೊಳದುದ್ದದ ಹರಕಿಗೆ ಒಬ್ಬರ ಕೈ ಸಾಲದು. ಒಬ್ಬಳು ಬಟ್ಟೆ ಬಿಗಿಹಿಡಿದರೆ ಇನ್ನೊಬ್ಬಳು ಅಂಟಿಸಬೇಕು. ತೇಪೆಯಕ್ಕ ದ್ರಾವಣದಲ್ಲಿ ಒರೆಸಿದಳು, ಅಂಟು ಬಳಿದಳು, ಒಣಗಲು ಕಾದಳು. ಚಿಕ್ಕವಳು ಬಟ್ಟೆಯ ಎರಡು ತುದಿ ಹಿಡಿದು ಕಾದಳು. ಅವಳ ಮೂಗಿನ ತುದಿ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಬಿಡುವಿದ್ದರೂ ಮುಖದ ಜಿಡ್ಡು ಬೆರಳಿಗೆ ತಾಗಿಸುವಂತಿರಲಿಲ್ಲ.

ನಡುವಿನಿಂದ ಅಂಚಿಗೆ ತೇಪೆಯಕ್ಕ ರೋಲರ್ ಉರುಳಿಸತೊಡಗಿದಳು. ಚಿಕ್ಕವಳು ಹಿಡಿದ ಬಟ್ಟೆ ಇಷ್ಟಾದರೂ ಒಂದು ಸುಕ್ಕಿಲ್ಲದೆ ನಿಂತಿತ್ತು. ಅದನ್ನು ನೋಡಿ ತೇಪೆಯಕ್ಕನಿಗೆ ಮತ್ತೆ ಕಿಚ್ಚು ಹತ್ತಿತು. ಎಂಥ ಜನ್ಮವಪ್ಪಾ ನನ್ನದು ಎಂದುಕೊಂಡಳು.

"ನಾನು ಸುಳ್ಳು ಹೇಳಿದ್ದು ನಿಮಗೋಸ್ಕರ ಅಕ್ಕಾ" ಎಂದಳು ಚಿಕ್ಕವಳು, ಬಟ್ಟೆಯಿಂದ ಕಣ್ಣು ತೆಗೆಯದೆ.

"ಗೊತ್ತು ಕಣೇ. ಅದನ್ನೇ ತಡ್ಕೊಳ್ಳೋಕಾಗ್ಲಿಲ್ಲ ನಂಗೆ."

ಚಿಕ್ಕವಳು ಬಟ್ಟೆಯ ತುದಿಯನ್ನು ಇನ್ನೊಂದಿಷ್ಟು ಬಿಗಿಯಾಗಿ ಎಳೆದು ಹಿಡಿದಳು, ತೇಪೆಯಕ್ಕ ಅಂಚಿನವರೆಗೆ ರೋಲರ್ ಉರುಳಿಸಿದಳು.